ಹದಿನೈದು ಸೆಕೆಂಡು

ಕುತೈಸಿಯಿಂದ ಎಟೆರಿ ಫೋನಿನಲ್ಲಿ ಹೇಳಿದ್ದು ಇಷ್ಟು:
ನಿದ್ದೆಯಲ್ಲಿದ್ದಾಗ ಎಣಿಸಿ.
ಗುರುಗುಟ್ಟುವಾಗ ಬೇಡ, ಆಡಿ ದಣಿದಾಗ ಬೇಡ,
ಒಲೆಯ ಮಗ್ಗುಲಲ್ಲಿ ಮೈ ಕಾದಾಗಲೂ ಬೇಡ.
ಪಕ್ಕೆ ಉಬ್ಬಿ ಇಳಿದರೆ ಒಂದು.
ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ.
ಮೂವತ್ತರೊಳಗಿದ್ದರೆ ಬೆಳಿಗ್ಗೆ ಮಾತಾಡೋಣ.
ದಾಟಿದರೆ
ಅನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು.
ಚಿಯಾತುರಾದ ಕಣಿವೆಯಲ್ಲಿ ಇದು ಹೊಸತಲ್ಲ,
ಕೇಬಲ್ ಕಾರೂ ಹೀಗೇ ನಿಲ್ಲುತ್ತಿತ್ತು, ನಡುಗಾಳಿಯಲ್ಲಿ,
ಎರಡು ಗುಡ್ಡಗಳಿಗೂ ಸೇರದೆ.

ಎಣಿಕೆ ನನಗೆ ಹೊಸದೇ?
ಇಪ್ಪತ್ತಾರು ವರ್ಷ ಆ ಕಾರಿನ ಬಾಗಿಲು ಕಾದವಳು,
ಮುಖ ನೋಡದೆ ತಲೆ ಎಣಿಸಿದವಳು.
ಹದಿಮೂರನೆಯವನು ಮಂತ್ರಿಯ ಭಾವಮೈದುನನಾದರೂ
ಇಳಿ ಕೆಳಗೆ ಅಂದವಳು.

ಆದರೆ ಫಿಸೋ ಮಲಗುವುದು ಜುಂಬೆರಿಯ ಎದೆಯ ಮೇಲೆ.
ಹನ್ನೊಂದು ವರ್ಷದಿಂದ ಅಲ್ಲೇ,
ಗಣಿಯ ಹೆಲ್ಮೆಟ್ಟಿನಲ್ಲಿ ಅವಳನ್ನು ಹೊತ್ತು ತಂದ ದಿನದಿಂದ.
ಅವನ ಎದೆ ಹಳೆಯ ತಿದಿ, ತೂತು ಬಿದ್ದದ್ದು.
ಅದು ಎದ್ದರೆ ಬೆಕ್ಕೂ ಏಳುತ್ತದೆ,
ಅದು ಎಡವಿದರೆ ಬೆಕ್ಕೂ ಎಡವುತ್ತದೆ.
ಏಳು ಎಂಟು ಅಂತ ಬೆರಳು ಮಡಿಚುತ್ತಾ ಕೂತವಳಿಗೆ
ಯಾವುದು ಯಾರ ಉಸಿರೋ ತಿಳಿಯದೆ
ಮತ್ತೆ ಒಂದರಿಂದ.

"ಉಸಿರು ಬಿಗಿಹಿಡಿ," ಅಂದೆ. "ಹದಿನೈದೇ ಸೆಕೆಂಡು."
ಹಿಡಿದ.
ಐದಕ್ಕೆ ಕುತ್ತಿಗೆಯ ನರ ಹಗ್ಗವಾಯಿತು.
ಏಳಕ್ಕೆ ಕಣ್ಣಂಚಿನಲ್ಲಿ ನೀರು.
ಎಂಟಕ್ಕೆ ಕೆಮ್ಮು ಒಡೆದು ಬೆಕ್ಕು ನೆಲಕ್ಕೆ.
ಒರೆಸಿಕೊಂಡು ನಕ್ಕ:
"ಆಗೆಲ್ಲ ಧೂಳು ಇಳಿಯುವ ತನಕ ಹಿಡಿಯುತ್ತಿದ್ದೆವು,
ಎರಡೆರಡು ನಿಮಿಷ!"
ಹಿಡಿದಿದ್ದರೆ ಒಳಗೆ ಬಂದದ್ದೇನು ಮಾರಾಯ?
ಕೇಳಲಿಲ್ಲ.
ಅವನ ಎಕ್ಸ್-ರೇ ಹಾಳೆ ಅಡುಗೆಮನೆಯ ಒಡೆದ ಗಾಜಿಗೆ ಒತ್ತಾಗಿದೆ.
ಚಳಿಗಾಳಿ ತಡೆಯುತ್ತದೆ, ಪರವಾಗಿಲ್ಲ.
ಬೆಳಗಿನ ಬಿಸಿಲು ಅವನ ಪಕ್ಕೆಲುಬು ದಾಟಿ
ರೊಟ್ಟಿಯ ಮೇಲೆ ಬೀಳುತ್ತದೆ.

ಫಿಸೋ ಮಂಚದಡಿ ಸೇರಿ ಕೂತಳು. ಮಲಗಲಿಲ್ಲ, ಕೂತಳು.
ಮೊಣಕೈ ಹೊರಗೆ ಚಾಚಿ, ಕತ್ತು ಮುಂದಕ್ಕೆ ನೀಡಿ,
ಯಾರೋ ದೂರದಿಂದ ಕರೆದದ್ದನ್ನು ಆಲಿಸುವವಳ ಹಾಗೆ.
ಮೈಯಲ್ಲಿ ಬೇರೇನೂ ಅಲುಗುತ್ತಿಲ್ಲ.
ಹೊಟ್ಟೆ ಮಾತ್ರ ಹೊಲಿಗೆ ಯಂತ್ರ.
ನೆಲಕ್ಕೆ ಕೆನ್ನೆಯೂರಿ ಎಣಿಸಿದೆ:
ಹದಿಮೂರು.
ಹದಿಮೂರು ನಾಲ್ಕಲೆ ಐವತ್ತೆರಡು.
ಇಳಿ ಕೆಳಗೆ ಅನ್ನಲು ಇಲ್ಲಿ ಬಾಗಿಲಿಲ್ಲ.

ಎರಡನೇ ಸಲಕ್ಕೆ ಎಟೆರಿ ಸಿಕ್ಕಳು:
ಬಾಯಿ ತೆರೆದು ಉಸಿರಾಡುತ್ತಿದ್ದಾಳಾ? ಇನ್ನೂ ಇಲ್ಲವಾ?
ಆದರೂ ಈಗಲೇ ಹೊರಡಿ.
ಅಪ್ಪಿ ಹಿಡಿಯಬೇಡಿ, ಕಂಬಳಿ ಸುತ್ತಬೇಡಿ,
ಗಾಳಿಯಾಡುವ ಪೆಟ್ಟಿಗೆ ಸಾಕು.
ಪುಪ್ಪುಸದ ಸುತ್ತ ನೀರು ತುಂಬಿರಬಹುದು.

ಮೇಲಿನ ಮನೆಯ ಗೋಚಾನನ್ನು ಎಬ್ಬಿಸಿದೆ.
ಅವನ ಹಳೆಯ ಒಪೆಲ್ ಕೆಮ್ಮಿ ಕೆಮ್ಮಿ ಚಾಲೂ ಆಗುವಷ್ಟರಲ್ಲಿ
ಜುಂಬೆರಿ ಒಂದು ಕಾಲಿಗೆ ಶೂ ಹಾಕಿಕೊಂಡು
ಇನ್ನೊಂದನ್ನು ಕೈಯಲ್ಲಿ ಹಿಡಿದು
ಕುರ್ಚಿಯಲ್ಲೇ ತೂಕಡಿಸಿದ್ದ.
ಎದೆಯ ಮೇಲೆ ಬೆಕ್ಕಿಲ್ಲ.
ಮೊದಲ ಬಾರಿ ಬರೀ ಅವನ ಎದೆ.
ಗೋಡೆ ಗಡಿಯಾರ ಎದುರಿಗೇ ಇತ್ತು. ಹಾಳು ಅಭ್ಯಾಸ.
ಎಂಟು.
ಗುಣಿಸಬೇಕಾಗಿರಲಿಲ್ಲ, ಗುಣಿಸಿಬಿಟ್ಟೆ.
ಇವನದೆಷ್ಟು ದಾಟಬಾರದು ಎಂದು ಯಾರೂ ಹೇಳಿರಲಿಲ್ಲ.
ಶೂ ತೆಗೆದು, ಕಾಲ ಮೇಲೆ ಕೋಟು ಹೊದಿಸಿ
ಬಂದೆ. ಉಸಿರೆತ್ತಲಿಲ್ಲ.

ಕುತೈಸಿಯಲ್ಲಿ ಗಾಜಿನ ಪೆಟ್ಟಿಗೆ, ಒಳಗೆ ಆಮ್ಲಜನಕದ ಕೊಳವೆ.
ಫಿಸೋಳ ಮೂಗಿನೆದುರು ಗಾಜು ಮಂಜಾಗುತ್ತದೆ,
ತಿಳಿಯಾಗುತ್ತದೆ, ಮಂಜಾಗುತ್ತದೆ.
ಎಟೆರಿ ಸೂಜಿಯಲ್ಲಿ ತೆಗೆದ ನೀರು ಬಟ್ಟಲಲ್ಲಿ,
ತೆಳು ಚಹಾದ ಬಣ್ಣ.
"ಹತ್ತಿರ ಕೂತು ಎಣಿಸ್ತಾ ಇರಿ," ಅಂದಳು, "ನೀವು ಚೆನ್ನಾಗಿ ಎಣಿಸ್ತೀರಿ."
ನಲವತ್ತನಾಲ್ಕು. ನಲವತ್ತು.
ಮೂವತ್ತಾರಕ್ಕೆ ಬಂದಾಗ ಕೇಳಿದೆ:
"ಮನುಷ್ಯರಿಗೆ ಎಷ್ಟಿರಬೇಕು, ನಿದ್ದೆಯಲ್ಲಿ?"
ಬರೆಯುತ್ತಿದ್ದ ಪೆನ್ನು ನಿಂತಿತು.
"ಯಾಕೆ? ಯಾರಿಗೆ?"

ಮೊದಲು ಇವಳದು ಮುಗಿಯಲಿ, ಅಂದೆ.
ಮೂವತ್ತೆರಡು.
ಹೊರಗೆ ಗೋಚಾ ಹಾರ್ನ್ ಒತ್ತುತ್ತಿದ್ದ.