ಬಲ ಮಗ್ಗುಲು

ಐವತ್ತೊಂದಕ್ಕೆ ಎಂತ ಮರ್ಲು ನಿನಗೆ, ಎಂದರು ಅತ್ತಿಗೆ.
ಕಿವಿಯ ಮೇಲ್ಗಡೆ, ಎಲುಬಿನಂಥ ಆ ಗಟ್ಟಿ ಅಂಚಿನಲ್ಲಿ
ಒಂದು ಚುಕ್ಕೆ, ಸಾಸಿವೆಯಷ್ಟು ಲೋಹ.
ಬಲ್ಮಠದ ಮೂರನೇ ಮಾಳಿಗೆಯಲ್ಲಿ ಫ್ಲೇವಿಯಾ ಎಂಬ ಹುಡುಗಿ
ಕೈಗವಸು ಹಾಕಿ ಸೂಜಿ ಬಿಚ್ಚಿದಾಗ
ನಾನು ಹುಡುಕಿದ್ದು ಸೂಜಿಯ ನಂಬ್ರ.
ಮೂವತ್ತು ವರ್ಷ ಸೂಜಿಯ ಕೂಳು ತಿಂದವಳು,
ಹೆದರಿಕೆ ಎಲ್ಲಿಂದ ಬರಬೇಕು?

ಬಂತು. ಅದು ಬೇರೆ ಮಾತು.

ಕಡ್ಡಿ ಉದ್ದ ಆಯ್ತಲ್ವಾ, ಎಂದೆ.
"ಕಿವಿ ಬಾತುಕೊಳ್ತದೆ ಆಂಟಿ, ಅದಕ್ಕೆ ಜಾಗ ಬೇಕು.
ಎರಡು ತಿಂಗಳಾಗಲಿ, ಗಿಡ್ಡದ್ದು ಹಾಕುವ."
ಥಟ್ಟನೆ ಅರ್ಥವಾಯಿತು.
ಮದುಮಗಳ ರವಿಕೆಯ ಕಂಕುಳಲ್ಲಿ
ನಾವು ಒಳಗೆ ಬಿಡುವ ಎರಡಿಂಚು ಬಟ್ಟೆ:
ಮೈ ನಾಳೆ ಏನಾಗುತ್ತದೋ ಯಾರು ಕಂಡಿದ್ದಾರೆ.

ಚಿನ್ನವಾ ಅಕ್ಕಾ, ಎಂದಳು ಅಳತೆಗೆ ನಿಂತ ಸಫಿಯಾ.
ಅಲ್ಲ, ವಿಮಾನಕ್ಕೆ ಹಾಕುವ ಲೋಹವಂತೆ, ತುರಿಸುವುದಿಲ್ಲ.
ಹಾಗಾದರೆ ಹಾರಿ ಹೋಗಬೇಡಿ ಮತ್ತೆ,
ಪೆರ್ನಾಲಿಗೆ ನನ್ನ ಮೂರು ಕುರ್ತಾ ಬಾಕಿ ಉಂಟು.

ಮೊದಲ ವಾರ ಕಂಕನಾಡಿಯ ಅಂಗಡಿಯೇ ನನಗೆ ವೈರಿ.
ಕೊರಳಲ್ಲಿ ನೇತಾಡುವ ಅಳತೆ ಟೇಪು
ತೆಗೆಯುವಾಗೆಲ್ಲ ಕಿವಿಗೆ ಸಿಕ್ಕಿ
ಕಣ್ಣಲ್ಲಿ ನೀರು. ಈಗ ಅದು ಮೊಳೆಯ ಮೇಲೆ.
ಮಿಶಿನ್ ಎಣ್ಣೆಯ ಬೆರಳು, ಚಾಕಿನ ಹುಡಿ,
ಬೈರಾಸಿನ ನೂಲು, ಬಾಚಣಿಗೆಯ ಹಲ್ಲು,
ಸ್ಟೇಟ್‌ಬ್ಯಾಂಕಿನ ಬಸ್ಸಿನಲ್ಲಿ ಯಾರದೋ ಮೊಣಕೈ.
ಇಷ್ಟು ವರ್ಷ ಇವೆಲ್ಲ ನನ್ನ ಜೊತೆಗೇ ಇದ್ದವು,
ಕಿವಿಯೊಂದು ಉಂಟೆಂದು ನನಗೇ ಗೊತ್ತಿರಲಿಲ್ಲ.

ಅಮ್ಮನ ಮದ್ದು ಬೇರೆ.
ಏಳು ವರ್ಷದವಳನ್ನು ಗೋಡೆಗೆ ಒತ್ತಿ ಹಿಡಿದು
ಆಚಾರಿ ಚುಚ್ಚಿದ ತೂತಿಗೆ
ದಿನಾ ಬೆಳಿಗ್ಗೆ ಬಿಸಿ ತೆಂಗಿನೆಣ್ಣೆ, ಅರಸಿನ,
ಮತ್ತೆ ತಿರುಗಿಸು, ತಿರುಗಿಸು, ಇಲ್ಲದಿದ್ದರೆ ಅಂಟಿಕೊಳ್ತದೆ.
ಹಕ್ಕಳೆ ಕಿತ್ತು ಬರುವ ಸದ್ದು ಈಗಲೂ ಹಲ್ಲಿನಲ್ಲಿದೆ.
ಅದು ಪ್ರೀತಿಯೇ. ಕೀವು ಬಂದದ್ದೂ ಹೌದು.
ಫ್ಲೇವಿಯಾ ಹೇಳಿದ್ದು ಇಷ್ಟೆ: ತಿರುಗಿಸಬೇಡಿ, ಮುಟ್ಟಬೇಡಿ,
ಉಪ್ಪುನೀರಿನ ಸ್ಪ್ರೇ ದಿನಕ್ಕೆರಡು ಸಲ,
ಮೆದುವಾಗಿ ಒಣಗಿಸಿ, ಬಿಟ್ಟುಬಿಡಿ.

ಬಿಟ್ಟುಬಿಡಿ!
ದರ್ಜಿಯ ಕೈಗೆ ಹೇಳುವ ಮಾತಾ ಅದು?
ಕಾಜ ಕತ್ತರಿಸಿದರೆ ಸುತ್ತ ಹೊಲಿಯಬೇಕು,
ಹಾಗೇ ಬಿಟ್ಟರೆ ನೂಲು ಬಿಚ್ಚಿಕೊಳ್ಳುತ್ತದೆ.
ಮಾಂಸದ ಕಾಜ ತನ್ನನ್ನು ತಾನೇ ಹೊಲಿದುಕೊಳ್ಳುತ್ತದಂತೆ,
ಒಳಗಿನಿಂದ, ಯಾರೂ ನೋಡದಾಗ.

"ಪಣಂಬೂರಿಗೆ ಹೋಗಿ ಒಂದು ಮುಳುಗು ಹಾಕಿ ಬಾ,
ಅಷ್ಟು ದೊಡ್ಡ ಉಪ್ಪುನೀರು ಧರ್ಮಕ್ಕೆ ಉಂಟಲ್ಲ."
ಅತ್ತಿಗೆಯೇ, ಮತ್ಯಾರು.
ಆ ಉಪ್ಪಲ್ಲಿ ಹಡಗಿನ ಎಣ್ಣೆಯುಂಟು, ನಮ್ಮೂರಿನ ತೋಡೂ ಉಂಟು.
ಮೆಡಿಕಲ್ಲಿನ ಬಾಟಲಿ ಸಾಕು ನನಗೆ.

ಕಷ್ಟವಾದದ್ದು ರಾತ್ರಿ.
ಇಪ್ಪತ್ತಾರು ವರ್ಷ ಎಡ ಮಗ್ಗುಲಿಗೆ ಮಲಗಿದವಳು,
ಗೋಡೆಗೆ ಮುಖ. ಜಗಳವೆಂದಲ್ಲ.
ಇವರು ದಿನವಿಡೀ ಸಿಟಿ ಬಸ್ಸು ಓಡಿಸಿ
ಹಾರ್ನನ್ನು ತಲೆಯೊಳಗೆ ಇಟ್ಟುಕೊಂಡೇ ಬರುವವರು.
ಮಾತು ಅವರಿಗೆ ಬೇಡ, ಗೋಡೆ ನನಗೆ ಅಭ್ಯಾಸ.
ಈಗ ಎಡಗಿವಿ ದಿಂಬಿಗೆ ತಾಗಬಾರದು, ತಾಗಿದರೆ ಗುಳ್ಳೆ.
ಬಲಕ್ಕೆ ಹೊರಳಿದೆ.

ಹೊರಳಿದರೆ ಇವರ ಮುಖ.
ಇಷ್ಟು ಹತ್ತಿರವೇ ಇತ್ತಾ ಇದು?
ಹುಬ್ಬಿನಲ್ಲಿ ಒಂದು ಬಿಳಿ ಕೂದಲು ಉದ್ದ ಬೆಳೆದಿದೆ,
ಕತ್ತರಿ ಬೇಕು.
ಗೊರಕೆ ನಿಂತಿತು. ಕಣ್ಣು ತೆರೆಯದೆ ಕೇಳಿದರು:
"ನೋವುಂಟಾ, ವಾರಿಜಾ?"
ಸ್ವಲ್ಪ, ಎಂದೆ.
ಕೈ ಎತ್ತಿದರು, ಕಿವಿಯವರೆಗೆ ತಂದರು.
ಮುಟ್ಟಬಾರದು, ಎಂದೆ.
ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತ ಕೈ
ನಮ್ಮಿಬ್ಬರ ನಡುವೆ ಚಾದರದ ಮೇಲೆ ಇಳಿಯಿತು.
ನಾನು ತೆಗೆಯಿರಿ ಎನ್ನಲಿಲ್ಲ.

ಏಪ್ರಿಲಿನ ಸೆಖೆ, ಕರೆಂಟೂ ಇಲ್ಲ.
ಪೂರ್ತಿ ಗುಣವಾಗಲು ಒಂಬತ್ತು ತಿಂಗಳು, ವರ್ಷವೂ ಆದೀತಂತೆ.
ಆದ ಮೇಲೂ ಒಂದಷ್ಟು ದಿನ
ಗೋಡೆಗೆ ಹೇಳುವುದಿಲ್ಲ ನಾನು.