ಹಾಜರಿ ಪುಸ್ತಕ

ಕಾರ್ಯದರ್ಶಿ ಎಂದರೆ ಇಲ್ಲಿ
ಬೀಗದ ಕೈ ಇರುವವಳು, ಅಷ್ಟೆ.
ಆದಿತ್ಯವಾರ ಒಂಬತ್ತಕ್ಕೆ ಮೊದಲೇ ಬಂದು
ಉಪ್ಪುಗಾಳಿಗೆ ಊದಿದ ಬಾಗಿಲಿಗೆ ಹೆಗಲು ಕೊಟ್ಟು
ಬಾಗಿಲೊಡನೆ ಒಳಗೆ ಬೀಳುತ್ತೇನೆ.
ಬಾವಲಿ ಹಿಕ್ಕೆ ಗುಡಿಸಿ, ಬೆಂಚು ಒರಸಿ
ಕರಿಹಲಗೆಯ ಮೇಲೆ ಬರೆಯುತ್ತೇನೆ:
ಉಪಾಸನೆ ಒಂಬತ್ತೂವರೆಗೆ. ಉಪನ್ಯಾಸ ಹತ್ತೂವರೆಗೆ.
ವಿಷಯ: ದಾಟುವುದು.
ಮಾತಾಡುವವರು: ಮೊಯ್ದಿನಬ್ಬ, ಬೆಂಗರೆ ಕಡವು.
ಸರ್ವರಿಗೂ ಸ್ವಾಗತ.

‘ಸರ್ವರಿಗೂ’ ಎಂಬಲ್ಲಿ ಸೀಮೆಸುಣ್ಣ ತುಂಡಾಯಿತು.

ಗೋಡೆಯಲ್ಲಿ ದೇವರಿಲ್ಲ.
ಮುತ್ತಜ್ಜಂದಿರ ಕಾಲದಲ್ಲೇ ಬೇಡವೆಂದು ತೀರ್ಮಾನವಾದದ್ದು.
ಇರುವುದು ಒಂದು ಗಡಿಯಾರ, ಒಂದು ಮೊಳೆ.
ಮೊಳೆಯಲ್ಲಿ ಮೊದಲು ಏನಿತ್ತೋ, ಈಗ ಹೇಳುವವರಿಲ್ಲ.
ದೀಪ ಹಚ್ಚಬಹುದೇ ಎಂದು ಮೂರು ವರ್ಷ ಚರ್ಚೆ ನಡೆದು
ಕೊನೆಗೆ, ಕರೆಂಟು ಹೋದರೆ ಹಚ್ಚಬಹುದು
ಎಂದು ಠರಾವು.

ಬಂದರು:
ದೇಜಮ್ಮ ಟೀಚರ್, ಎಂಬತ್ತನಾಲ್ಕು, ಕಿವಿಯ ಯಂತ್ರ ಮನೆಯಲ್ಲೇ ಮರೆತು;
ಲಿಗೋರಿ, ಏಳರ ಪೂಜೆಗೆ ಇಗರ್ಜಿಗೆ ಹೋದ ಅದೇ ಇಸ್ತ್ರಿ ಅಂಗಿಯಲ್ಲಿ
(ಇದು ಹೆಚ್ಚಿಗೆಯದ್ದು, ಎನ್ನುತ್ತಾನೆ);
ನರ್ಸಿಂಗ್ ಕಲಿಯುವ ಇಬ್ಬರು ಹುಡುಗಿಯರು, ಫ್ಯಾನಿನಡಿಯೇ ಬೇಕು;
ವಾಮನ ಕಾಮತರು, ದೇವರನ್ನು ನಂಬದವರು,
ಮೂವತ್ತೊಂದು ವರ್ಷದಲ್ಲಿ ಒಂದು ವಾರವೂ ತಪ್ಪಿಸದವರು;
ಇನ್ನು ಐದಾರು ಮಂದಿ.
ತುಳುವಿನಲ್ಲೊಂದು, ಕೊಂಕಣಿಯಲ್ಲೊಂದು, ಕನ್ನಡದಲ್ಲೊಂದು ಕೀರ್ತನೆ;
ಹಾರ್ಮೋನಿಯಂ ಮೂರಕ್ಕೂ ಒಂದೇ ಕಡೆ ಕೆಮ್ಮಿತು.

ಆಮೇಲೆ ಐದು ನಿಮಿಷ ಮೌನ.
ಮೌನದಲ್ಲಿ ನನಗೆ ಶುಕ್ರವಾರದ ಫೋನು.
ಪರಿಚಯದ ದನಿಯೇ, ತುಂಬ ಮರ್ಯಾದೆಯ ದನಿ:
‘ಮಾತಾಡಲಿಕ್ಕೆ ನಿಮಗೆ ಬೇರೆ ಜನ ಸಿಗಲಿಲ್ವಾ ಅಕ್ಕ?’
ಎಂತದೋ ಹೇಳಿ ಇಟ್ಟೆ.
ಸರಿಯಾದ ಉತ್ತರ ಶನಿವಾರ ಬಂತು,
ಬೂತಾಯಿ ತಿರುವಿ ಹಾಕುವಾಗ.
ಫೋನು ಮಾತ್ರ ಮತ್ತೆ ಬರಲಿಲ್ಲ.

ಮೊಯ್ದಿನಬ್ಬ ತಡವಾಗಿ ಬಂದರು.
ನೀರಿಳಿತ; ದೋಣಿ ಹೂಳಿಗೆ ಹತ್ತಿತ್ತಂತೆ,
ಸುಲ್ತಾನ್ ಬತ್ತೇರಿಯಿಂದ ನಡೆದೇ ಬಂದದ್ದಂತೆ.
ಚಪ್ಪಲಿ ಎಲ್ಲಿ ಇಡುವುದು, ಕೇಳಿದರು.
ಹಾಕಿಕೊಂಡೇ ಬನ್ನಿ ಎಂದರೂ ಹೊರಗೆ ಬಿಟ್ಟರು.
ಎದುರು ಬೆಂಚಿನವರು ಮೆಲ್ಲಗೆ
ತಮ್ಮ ಕಾಲು ಹಿಂದಕ್ಕೆಳೆದುಕೊಂಡರು.

‘ದಾಟುವುದರಲ್ಲಿ ಹೇಳಲಿಕ್ಕೆ ಎಂತ ಉಂಟು’
ಎಂದು ಶುರುಮಾಡಿದರು.
ಡೀಸೆಲಿನ ದರ. ಹೂಳು. ಸ್ಕೂಟರ್ ಹತ್ತಿಸಿದರೆ ಎಷ್ಟು.
ಬೆಳಗಿನ ಮೊದಲ ಸರ್ತಿಗೆ ಮೀನಿನ ಬುಟ್ಟಿಗಳು,
ಆಮೇಲೆ ಮಕ್ಕಳು, ಬೆನ್ನಿಗಿಂತ ದೊಡ್ಡ ಚೀಲ.
ಒಮ್ಮೆ ರಾತ್ರಿ ಎರಡಕ್ಕೆ, ನೋವು ಎದ್ದ ಹೆಂಗಸು,
ನಡುಹೊಳೆಯಲ್ಲೇ ಹೆತ್ತದ್ದು.
‘ಆ ಹುಡುಗ ಈಗ ಟಿಕೇಟು ತೆಗೆಯುವುದಿಲ್ಲ.
ನಾನು ಇಲ್ಲಿಯವನು, ಎನ್ನುತ್ತಾನೆ.’

ಲಿಗೋರಿಗೆ ತಡೆಯಲಾಗಲಿಲ್ಲ.
ಬದುಕೂ ಒಂದು ಹೊಳೆಯೇ ಅಲ್ಲವೇ, ದಾಟಿಸುವವನು ಮೇಲೊಬ್ಬ...
‘ಇಲ್ಲ,’ ಎಂದರು ಮೊಯ್ದಿನಬ್ಬ. ‘ಹೊಳೆ ಹೊಳೆಯೇ.
ಸೇತುವೆ ಆದರೆ ನನಗೆ ಕೆಲಸ ಇಲ್ಲ.
ಆದರೂ ಆಗಲಿ. ನಿದ್ದೆಯಾದರೂ ಬಂದೀತು.’

ಆಮೇಲೆ ಅವರದ್ದೊಂದು ಪ್ರಶ್ನೆ:
‘ನೀವು ಇಲ್ಲಿ ಯಾರನ್ನು ಕೇಳಿಕೊಳ್ಳುವುದು?’

ಎಲ್ಲರೂ ಮೊಳೆ ನೋಡಿದೆವು.
ಕಾಮತರು ಗಂಟಲು ಸರಿಮಾಡಿಕೊಂಡು
‘ಕೇಳಿಕೊಳ್ಳುವುದು ಅಂತಲ್ಲ, ಕೇಳಿಸಿಕೊಳ್ಳುವುದು’ ಎಂದರು.
‘ಎಂತ? ಜೋರು ಹೇಳಿ,’ ಎಂದರು ದೇಜಮ್ಮ ಟೀಚರ್.

ಚಾ ಕುಡಿಯುವಾಗ ಕರೆಂಟು ಹೋಯಿತು.
ಹಗಲು ಹನ್ನೊಂದೂವರೆ, ಹಂಚಿನ ಸಂದಿಯಿಂದ ಬೇಕಾದಷ್ಟು ಬಿಸಿಲು.
ಆದರೂ ಠರಾವು ಉಂಟಲ್ಲ ಎಂದು
ನರ್ಸಿಂಗ್ ಹುಡುಗಿಯೊಬ್ಬಳು ದೀಪ ಹಚ್ಚಿದಳು.
ಬೆಂಕಿಪೆಟ್ಟಿಗೆ ಮೊಯ್ದಿನಬ್ಬರದ್ದು.
ಗೋಳಿಬಜೆ ಕಡಿಮೆ ಬಿತ್ತು; ನಾನು ತಿನ್ನಲಿಲ್ಲ.

ಉಪನ್ಯಾಸಕರನ್ನು ಸೇರಿಸಿ ಎಣಿಸಬೇಕೇ ಎಂದು
ಪುಸ್ತಕದಲ್ಲಿ ನಿಯಮವಿಲ್ಲ.
ಹನ್ನೊಂದು ಎಂದು ಬರೆದೆ. ಹೊಡೆದುಹಾಕಿದೆ.
ಹನ್ನೆರಡು.
ದಾರಿಖರ್ಚು: ಕೊಟ್ಟದ್ದನ್ನು ತೆಗೆದುಕೊಳ್ಳಲಿಲ್ಲ.
ಮುಂದಿನ ವಾರ: ಇನ್ನೂ ಯಾರೂ ಒಪ್ಪಿಲ್ಲ.
ಸೀಮೆಸುಣ್ಣ ತರಬೇಕು.