ಒತ್ತಕ್ಷರ

ಶಹಾಬಾದಿನ ಹಿಂದಿನ ಗಲ್ಲಿ, ಮಧ್ಯಾಹ್ನ ಹನ್ನೆರಡೂವರೆ.
ಕಲ್ಲು ಕೊಯ್ಯುವ ಮಿಷನ್ನಿನ ಬಿಳಿ ರಾಡಿ
ಮೋರಿಗುಂಟ ಹರಿದು ಒಣಗಿ ಬಿರುಕಾಗಿದೆ.
ನನ್ನ ಕೈಯಲ್ಲಿ ನಲವತ್ತೊಂದನೇ ಮನೆಯ ಫಾರಮು.
ಫಾರಮಿಗೆ ಮೂವತ್ತೈದು ರೂಪಾಯಿ,
ಪೆನ್ನು ನನ್ನದೇ.

ಮಗುವಿನ ಹೆಸರು: ಭಾಗ್ಯವಂತಿ. ತರಗತಿ: ಐದು.
ತಂದೆಯ ಕೆಲಸ: ಫರಸಿ ಲೋಡಿಂಗು.
ತಾಯಿಯದು: ಅದೇ. ಅದಿಲ್ಲದ ದಿನ ತೊಗರಿ ಹಸನು ಮಾಡುವುದು.
ಪಠ್ಯ ಬಿಟ್ಟು ಮನೆಯಲ್ಲಿರುವ ಪುಸ್ತಕ ಎಷ್ಟು?
ಒಳಗೆ ಹೋಗಿ ತಂದು ಹರವಿದಳು ತಾಯಿ,
ರೇಷನ್ ಕಾರ್ಡು, ಸಂಘದ ಪಾಸ್‌ಬುಕ್ಕು, ಹೋದ ವರ್ಷದ ಕ್ಯಾಲೆಂಡರು.
"ಇಷ್ಟೇ ಅವ ನೋಡ್ರೀ."
ಸೊನ್ನೆ ಬರೆಯುವಾಗ ಕೈ ಅಡ್ಡ ಹಿಡಿದೆ.

ಇನ್ನು ಓದು. ಒಂದು ನಿಮಿಷ.
ಸುಳಿವು ಕೊಟ್ಟರೆ ಫಾರಮು ರದ್ದು ಅಂತ
ಕಲಬುರಗಿಯಲ್ಲಿ ಮೂರು ದಿನ ಹೇಳಿಕೊಟ್ಟಿದ್ದಾರೆ.
ಬಿಡಿ ಅಕ್ಷರ ಸರಿ. ಗುಣಿತವೂ ಸರಿ.
ಕಥೆಯ ಮೊದಲ ಸಾಲು: ಅಕ್ಕ ತಮ್ಮ ಕೆರೆಗೆ ಹೋದರು.
"ಅಕ..." ಅಂದಳು. ನಿಂತಳು.
ಸೊಂಟದ ಮೇಲಿನ ತಮ್ಮನನ್ನು ಎಡದಿಂದ ಬಲಕ್ಕೆ ಬದಲಿಸಿ,
"ಇದರ ಬುಡಕ ಇನ್ನೊಂದು ಕುಂತದಲ್ರೀ,
ಅದನ್ನೂ ಎತ್ಗೊಂಡೇ ಓದಬೇಕಾ?"

ಹೌದವ್ವಾ, ಅನ್ನುವ ಹಾಗಿಲ್ಲ ನಾನು.
ಗಡಿಯಾರ ನೋಡಿದೆ. ಅದು ಕೂಗಿತು.

"ಪಾಸ್ ಏನ್ರೀ?" ತಾಯಿ.
ಇದು ಪರೀಕ್ಷೆ ಅಲ್ಲ.
"ಮತ್ತ ಗಡಿಯಾರ ಯಾಕ ಹಿಡಿದ್ರಿ?"

ಗೈರು ದಿನಗಳು: ತೊಂಬತ್ತೆರಡು.
ಕಾರಣಕ್ಕೆ ಆರು ಕೋಡು ಅವೆ:
ಕಾಯಿಲೆ, ದೂರ, ಗುಳೆ, ಹೀಗೆ.
ತಮ್ಮನಿಗೆ ಕೋಡಿಲ್ಲ. ಏಳು, ಇತರೆ.
ಎರಡನೇತ್ತೆಯಲ್ಲಿ ಒತ್ತಕ್ಷರ ಕಲಿಸಲಿಲ್ಲವಾ, ಕೇಳಿದೆ.
ಈ ಪ್ರಶ್ನೆ ಫಾರಮಿನಲ್ಲಿಲ್ಲ.
"ಕಲಿಸ್ಯಾರ್ರೀ. ಆವಾಗ ಇವನಕಿಂತ ಮೊದಲಿನಾಕಿ ಇದ್ದಳು,"
ಅಂತ ಸೊಂಟವನ್ನೇ ತೋರಿಸಿದಳು.

ಓದಿನ ಮಟ್ಟ: ಪದ. ಸಹಿ ಹಾಕಿದೆ.
ನನ್ನ ಸಹಿಯಲ್ಲೂ ಒಂದು ಒತ್ತಿದೆ,
ಯಾರು ಕಲಿಸಿದರೋ ನೆನಪಿಲ್ಲ.
ನನ್ನ ಕಂಕುಳು ಖಾಲಿಯಿತ್ತು, ಅದು ನೆನಪಿದೆ.

ನಲವತ್ತೆರಡರ ಬಾಗಿಲು ಬಡಿಯುತ್ತಾ ತಿರುಗಿ ನೋಡಿದರೆ
ಹುಡುಗಿ ತಮ್ಮನನ್ನು ಕೆಳಗಿಳಿಸಿದ್ದಾಳೆ.
ಅಳತೆ ಗುರುತಿನ ಸುಣ್ಣದ ಕಡ್ಡಿ ಹಿಡಿದು
ಅಂಗಳದ ಫರಸಿ ಮೇಲೆ ಒಂದು ಕ,
ಅದರ ಕೆಳಗೆ
ಒತ್ತಲ್ಲ, ಕೈಕಾಲೆಲ್ಲ ಇರುವ ಇನ್ನೊಂದು ಪೂರಾ ಕ.

ತಮ್ಮ ಅಂಬೆಗಾಲಿಟ್ಟು ಬಂದು
ಅದರ ಮೇಲೇ ಕೂತ.

ಅವಳು ಪಕ್ಕದ ಕಲ್ಲಿಗೆ ಸರಿದಳು.